ನಷ್ಟದ ತಿಂಗಳು ಯಾವುದು?



ಈ ಸಂಚಿಕೆಗೆ ವಾಣಿಜ್ಯ ವಿಭಾಗದಿಂದ ಒಂದು ಲೇಖನ ಬೇಕು, ವಿಷಯ ‘ವಂಚನೆಯಿಂದ ಪಾರಾಗುವುದು ಹೇಗೆ’ ಎಂದು ನಮ್ಮ ಅಕೌಂಟೆನ್ಸಿ ಸರ್ ಹೇಳಿದಾಗ ನಾನು ಬಹಳ ಸುಲಭ ಎಂದುಕೊಂಡೆ. ಒಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಲಾಟರಿ ಬಂದಿದೆ ಎಂದರೆ ನಂಬಬೇಡಿ ಎಂದು ಬರೆದೆ. ಅರ್ಧ ಪುಟದಲ್ಲಿ ಮುಗಿಯಿತು. ಸರ್ ಓದಿ ನೋಡಿ, “ಇದು ಎಲ್ಲರಿಗೂ ಗೊತ್ತಿರೋದೇ. ಗೊತ್ತಿದ್ದೂ ಜನ ಯಾಕೆ ದುಡ್ಡು ಕೊಡ್ತಾರೆ? ಅದನ್ನ ಬರಿಯಮ್ಮ” ಎಂದು ವಾಪಸ್ ಕೊಟ್ಟರು.

ಮನೆಗೆ ಬಂದು ಅಮ್ಮಿಯನ್ನು ಕೇಳಿದೆ. ರೊಟ್ಟಿ ಲಟ್ಟಿಸುತ್ತಿದ್ದವರು ಕೈ ನಿಲ್ಲಿಸಿ, “ಹೊಳೆನರಸೀಪುರಕ್ಕೆ ಹೋಗಿ ನಿನ್ನ ಖಾಲಾನ ಕೇಳು. ಆದರೆ ಅಳಿಸಬೇಡ” ಎಂದರು.

ನಾನು ಐದನೇ ತರಗತಿಯಲ್ಲಿದ್ದಾಗ ಖಾಲಾ ಮನೆಯಲ್ಲಿ ಏನೋ ಆಗಿತ್ತು ಎಂಬುದಷ್ಟೇ ನನಗೆ ಗೊತ್ತಿತ್ತು. ಆ ವರ್ಷ ಆಪಾಳ ಮದುವೆ ಮುಂದಕ್ಕೆ ಹೋಯಿತು. ಖಾಲಾ ಕೈಯಲ್ಲಿದ್ದ ಬಳೆಗಳು ಕಾಣಲಿಲ್ಲ. ಕಾರಣ ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಿದ್ದರು. ಈಗ ಕೇಳಿದಾಗ ಖಾಲಾ ಅಳಲಿಲ್ಲ. ಒಂದು ಹಳೆಯ ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದೆ ಇಟ್ಟರು. “ಹೆಸರು ಹಾಕಬೇಡ, ಉಳಿದದ್ದೆಲ್ಲ ಹಾಕು” ಎಂದರು. ಕಂಪನಿಯ ಹೆಸರನ್ನೂ ನಾನು ಹಾಕುತ್ತಿಲ್ಲ. ಅದೇನೂ ದೊಡ್ಡ ಕಂಪನಿಯಲ್ಲ, ಅದರ ಕಚೇರಿಯಲ್ಲಿ ಈಗ ಬೇರೆ ಅಂಗಡಿ ಇದೆಯಂತೆ.

ನಡೆದದ್ದು ಇಷ್ಟು. ಖಾಲೂ ಅವರ ಅಣ್ಣ ಅರಕಲಗೂಡಿನವರು. ಮನೆಯ ಮಕ್ಕಳೆಲ್ಲ ಅವರನ್ನು ಬಡೇ ಅಬ್ಬಾ ಎನ್ನುತ್ತೇವೆ. ಐದು ಹೊತ್ತು ನಮಾಜು, ಸಾಲ ಮಾಡದ ಮನುಷ್ಯ, ಯಾರ ಮನೆಯಲ್ಲಿ ಜಗಳವಾದರೂ ಪಂಚಾಯಿತಿಗೆ ಕರೆಯುವುದು ಅವರನ್ನೇ. ಒಂದು ದಿನ ಅವರು ಬಂದು, ಒಂದು ಕಂಪನಿ ಇದೆ, ಸೂದ್ ಇಲ್ಲ, ಚಿನ್ನದ ವ್ಯಾಪಾರ, ನಾವು ಪಾಲುದಾರರು, ತಿಂಗಳಿಗೆ ನೂರಕ್ಕೆ ಎರಡೂವರೆ ಮುನಾಫಾ ಬರುತ್ತದೆ ಎಂದು ಹೇಳಿದರು. ತಾವೇ ಎರಡು ಲಕ್ಷ ಹಾಕಿದ್ದ ಪಾಸ್‌ಬುಕ್ ತೋರಿಸಿದರು. ಖಾಲಾ ಹತ್ತಿರ ಆಪಾ ಮದುವೆಗೆಂದು ಕೂಡಿಟ್ಟ ಹಣವಿತ್ತು. ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ, ಅದು ಬೇಡ ಎಂದು ಅವರು ಹಣವನ್ನು ಉಳಿತಾಯ ಖಾತೆಯಲ್ಲಿಟ್ಟು, ಬಂದ ಬಡ್ಡಿಯನ್ನು ಮುಟ್ಟದೆ ಬಡವರಿಗೆ ಕೊಟ್ಟುಬಿಡುತ್ತಿದ್ದರು. ಅಂಥವರಿಗೆ ಈ ಮಾತು ಹೇಗೆ ಕೇಳಿಸಿರಬೇಕು ಎಂದು ಯೋಚಿಸಿ.

ಮೊದಲು 50,000 ಹಾಕಿದರು. ತಿಂಗಳಿಗೆ 1,250 ತಪ್ಪದೆ ಬಂತು. ಮೊದಲ ತಿಂಗಳ ಹಣದಲ್ಲಿ ಸ್ವಲ್ಪ ಸದಕಾ ಕೊಟ್ಟು ನಾನಿಗೆ ಒಂದು ಸೀರೆ ತಂದರಂತೆ. ಎಂಟು ತಿಂಗಳಲ್ಲಿ 10,000 ಕೈಗೆ ಬಂತು. ಆಮೇಲೆ ಬಳೆ ಮಾರಿ, ಉಳಿದ ಹಣವನ್ನೂ ತೆಗೆದು 3,50,000 ಹಾಕಿದರು. ಒಟ್ಟು ನಾಲ್ಕು ಲಕ್ಷ. ಐದು ತಿಂಗಳು ಸರಾಸರಿ ಹತ್ತು ಸಾವಿರ ಬಂತು. ಆರನೇ ತಿಂಗಳು ‘ಸಾಫ್ಟ್‌ವೇರ್ ಬದಲಾಗುತ್ತಿದೆ’ ಎಂಬ ಮೆಸೇಜ್ ಬಂತು. ಏಳನೇ ತಿಂಗಳು ಕಚೇರಿಗೆ ಬೀಗ. ಒಟ್ಟು ಬಂದದ್ದು 60,000, ಹೋದದ್ದು 3,40,000.

ಇದು ದುರಾಸೆಯೇ? ಪೇಪರಿನಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ‘ಜನರ ದುರಾಸೆಯೇ ಕಾರಣ’ ಎಂದು ಯಾರಾದರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಖಾಲಾ ಬಡ್ಡಿ ಬೇಡವೆಂದು ಬಂದ ಹಣವನ್ನೇ ಬಿಟ್ಟುಕೊಟ್ಟವರು. ಅವರನ್ನು ಹಿಡಿದದ್ದು ದುರಾಸೆಯಲ್ಲ, ತಪ್ಪು ಮಾಡಬಾರದೆಂಬ ಹೆದರಿಕೆ. ಮೋಸಗಾರ ನಮ್ಮ ಕೆಟ್ಟ ಗುಣವನ್ನೇ ಹುಡುಕುತ್ತಾನೆ ಅಂತಿಲ್ಲ. ಒಳ್ಳೆಯ ಗುಣ ಸಿಕ್ಕಿದರೆ ಅವನಿಗೆ ಕೆಲಸ ಇನ್ನೂ ಹಗುರ.

ಬೆಂಗಳೂರಿನಲ್ಲಿ ಆದದ್ದು

ನಮ್ಮ ರಾಜ್ಯದಲ್ಲಿ ಇದರ ದೊಡ್ಡ ಉದಾಹರಣೆ ಐಎಂಎ, ಅಂದರೆ ಐ ಮಾನಿಟರಿ ಅಡ್ವೈಸರಿ. ಮೊಹಮ್ಮದ್ ಮನ್ಸೂರ್ ಖಾನ್ ಎಂಬವರು 2006ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಸಂಸ್ಥೆ. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿತು. ತಿಂಗಳಿಗೆ ಶೇ 2ರಿಂದ 3ರ ಆಸುಪಾಸಿನ ಲಾಭದ ಮಾತು ಜನರ ಬಾಯಲ್ಲಿತ್ತು. ಚಿನ್ನದ ಅಂಗಡಿ, ಔಷಧಿ ಅಂಗಡಿ, ಸೂಪರ್ ಮಾರ್ಕೆಟ್ ಎಲ್ಲ ಕಣ್ಣಿಗೆ ಕಾಣುವಂತೆ ಇದ್ದವು. ಶಿವಾಜಿನಗರದ ವಿ.ಕೆ. ಒಬೈದುಲ್ಲಾ ಸರ್ಕಾರಿ ಶಾಲೆಯನ್ನು ಹಣ ಹಾಕಿ ಚೆಂದ ಮಾಡಿಕೊಟ್ಟರು. ಸರ್ಕಾರಿ ಶಾಲೆಯನ್ನೇ ಸುಧಾರಿಸಿದವರು ಮೋಸ ಮಾಡುತ್ತಾರೆಯೇ ಎಂದು ಯಾರಿಗಾದರೂ ಅನಿಸದೇ ಇರುತ್ತದೆಯೇ?

2019ರ ಜೂನ್ 5ರಂದು ಈದ್. ಹಬ್ಬ ಮುಗಿದು ಒಂದು ವಾರದೊಳಗೆ ಮನ್ಸೂರ್ ಖಾನ್ ಹೆಸರಿನ ಧ್ವನಿಮುದ್ರಿಕೆಯೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. ಸಾಯುತ್ತೇನೆ ಎಂಬ ಮಾತು ಅದರಲ್ಲಿತ್ತು. ಶಿವಾಜಿನಗರದ ಕಚೇರಿ ಮುಂದೆ ಸಾವಿರಾರು ಜನ ಪಾಸ್‌ಬುಕ್ ಹಿಡಿದು ನಿಂತರು. ಅಷ್ಟರಲ್ಲಿ ಅವರು ದುಬೈಗೆ ಹೋಗಿಯಾಗಿತ್ತು. ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು, ಜುಲೈ 19ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಅವರ ಬಂಧನವಾಯಿತು, ಆಗಸ್ಟ್‌ನಲ್ಲಿ ತನಿಖೆ ಸಿಬಿಐಗೆ ಹೋಯಿತು. ಲಕ್ಷಕ್ಕೂ ಹೆಚ್ಚು ಜನರಿಂದ ಸುಮಾರು 4,000 ಕೋಟಿ ರೂಪಾಯಿ ಸಂಗ್ರಹವಾಗಿತ್ತು ಎಂಬುದು ಸಿಬಿಐ ಹೇಳಿಕೆ. ಅವರಿಗೆ ಸೇರಿದ ಕಟ್ಟಡವೊಂದರ ಈಜುಕೊಳದಲ್ಲಿ ಎಸ್‌ಐಟಿಗೆ 303 ಕೆ.ಜಿ. ಚಿನ್ನದ ಬಿಸ್ಕತ್ತುಗಳು ಸಿಕ್ಕವು. ಎಲ್ಲವೂ ನಕಲಿ.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸಿದ್ದು ನಕಲಿ ಚಿನ್ನ ಅಲ್ಲ, ಒಂದು ಕಾಗದ. ಹಣ ಹಾಕಿದವರನ್ನು ‘ಠೇವಣಿದಾರರು’ ಎನ್ನದೆ ಎಲ್‌ಎಲ್‌ಪಿ ಸಂಸ್ಥೆಗಳಲ್ಲಿ ‘ಪಾಲುದಾರರು’ ಎಂದು ಸೇರಿಸಿಕೊಂಡಿದ್ದರು. ಎಲ್‌ಎಲ್‌ಪಿ ಎಂದರೆ 2008ರ ಕಾಯ್ದೆಯ ಪ್ರಕಾರ ನೋಂದಣಿಯಾಗುವ, ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ. ಠೇವಣಿ ತೆಗೆದುಕೊಳ್ಳಬೇಕಾದರೆ ಅನುಮತಿ, ತಪಾಸಣೆ ಎಲ್ಲ ಬರುತ್ತದೆ. ಪಾಲುದಾರರ ಬಂಡವಾಳ ಎಂದರೆ ‘ಅದು ಅವರದೇ ವ್ಯಾಪಾರ’ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಇದರ ಬಗ್ಗೆ ರಿಸರ್ವ್ ಬ್ಯಾಂಕ್ 2015ರಿಂದಲೇ ರಾಜ್ಯದ ಅಧಿಕಾರಿಗಳಿಗೆ ಹೇಳುತ್ತಾ ಬಂದಿತ್ತು. ಆದರೂ ನಾಲ್ಕು ವರ್ಷ ನಡೆಯಿತು.

ಖಾಲಾ ತಂದ ಪ್ಲಾಸ್ಟಿಕ್ ಕವರಿನಲ್ಲೂ ಅಂಥದ್ದೇ ಒಂದು ಕಾಗದವಿತ್ತು. ಮೇಲೆ ‘ಪಾಲುದಾರಿಕೆ ಒಪ್ಪಂದ’ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ನಾವು ದ್ವಿತೀಯ ಪಿಯುಸಿಯಲ್ಲಿ ಓದುವ ಮೊದಲ ಪಾಠವೇ ಪಾಲುದಾರಿಕೆ. ಒಪ್ಪಂದ ಇಲ್ಲದಿದ್ದರೆ ಲಾಭವನ್ನು ಹೇಗೆ ಹಂಚಬೇಕು? ಸಮನಾಗಿ. ಬಂಡವಾಳದ ಮೇಲೆ ಬಡ್ಡಿ? ಇಲ್ಲ. ಒಂದು ಮಾರ್ಕಿನ ಪ್ರಶ್ನೆ, ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಅದರ ಜೊತೆಗೇ, ಪಾಲುದಾರನಿಗೆ ಲೆಕ್ಕದ ಪುಸ್ತಕ ನೋಡುವ ಹಕ್ಕಿದೆ, ನಷ್ಟ ಬಂದರೆ ಅವನಿಗೂ ಪಾಲು ಬರುತ್ತದೆ ಎಂದೂ ಓದುತ್ತೇವೆ. ನಾನು ಖಾಲಾನ ಕೇಳಿದೆ: “ಹದಿಮೂರು ತಿಂಗಳಲ್ಲಿ ಒಂದು ಸಲವಾದರೂ ಲೆಕ್ಕ ತೋರಿಸಿದ್ರಾ?” ಇಲ್ಲ. “ನಷ್ಟ ಆಯ್ತು ಅಂತ ಯಾವತ್ತಾದರೂ ಹೇಳಿದ್ರಾ?” ಇಲ್ಲ.

ಅಬ್ಬಾ ಪುಸ್ತಕ

ಅಬ್ಬಾ ಚನ್ನರಾಯಪಟ್ಟಣದ ಕಡೆ ತೋಟಗಳಿಂದ ತೆಂಗಿನಕಾಯಿ ಕೊಂಡು ಹಾಸನದ ಅಂಗಡಿ, ಹೋಟೆಲ್‌ಗಳಿಗೆ ಹಾಕುತ್ತಾರೆ. ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ, ಉರ್ದುವಿನಲ್ಲಿ ಬರೆಯುತ್ತಾರೆ, ಅಂಕಿ ಮಾತ್ರ ಇಂಗ್ಲಿಷಿನವು. ಈ ಲೇಖನಕ್ಕಾಗಿ ನಾಲ್ಕು ತಿಂಗಳ ಲೆಕ್ಕ ತೆಗೆದು ನೋಡಿದೆ. ಒಂದು ತಿಂಗಳು 21,000 ಉಳಿದಿದೆ. ಮುಂದಿನ ತಿಂಗಳು 9,400. ಮೂರನೇ ತಿಂಗಳು 3,200 ನಷ್ಟ, ಯಾಕೆಂದರೆ ಒಂದು ಲೋಡಿನಲ್ಲಿ ಅರ್ಧ ಕಾಯಿ ಕೆಟ್ಟು ವಾಪಸ್ ಬಂದಿತ್ತು. ನಾಲ್ಕನೇ ತಿಂಗಳು 14,000. ವ್ಯಾಪಾರ ಎಂದರೆ ಹೀಗಿರುತ್ತದೆ. ಅರಕಲಗೂಡು ಕಡೆಯಿಂದ ಬರುವ ನಮ್ಮ ಸಹಪಾಠಿಗಳನ್ನು ಕೇಳಿ, ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ ಮನೆಯಲ್ಲಿ ಏನಾಯಿತು ಎಂದು ಹೇಳುತ್ತಾರೆ. ಶುಂಠಿ ಹಾಕಿದವರನ್ನು ಕೇಳುವುದೇ ಬೇಡ.

ಲಾಭ ಎನ್ನುವುದು ಲೆಕ್ಕ ಮುಗಿದ ಮೇಲೆ ಗೊತ್ತಾಗುವ ಸಂಖ್ಯೆ. ಟ್ರೇಡಿಂಗ್ ಅಕೌಂಟ್ ಹಾಕಬೇಕು, ಖರ್ಚು ಕಳೆಯಬೇಕು, ಕೊನೆಯಲ್ಲಿ ಯಾವ ಕಡೆ ಉಳಿಯಿತು ಎಂದು ನೋಡಬೇಕು. ತಿಂಗಳು ಶುರುವಾಗುವ ಮೊದಲೇ ‘ಇಷ್ಟು ಲಾಭ ಕೊಡುತ್ತೇನೆ’ ಎನ್ನುವವನು ಒಂದೋ ಬಡ್ಡಿಯನ್ನು ಲಾಭ ಎಂಬ ಹೆಸರಿನಲ್ಲಿ ಕೊಡುತ್ತಿದ್ದಾನೆ, ಇಲ್ಲವೇ ಬೇರೆಯವರ ಹಣವನ್ನೇ ತೆಗೆದು ಕೊಡುತ್ತಿದ್ದಾನೆ.

ನಮ್ಮ ಮೊಹಲ್ಲಾದ ಹಜರತ್ ಅವರನ್ನೂ ಹೋಗಿ ಕೇಳಿದೆ, ಯಾಕೆಂದರೆ ಧರ್ಮದ ವಿಷಯದಲ್ಲಿ ನಾನು ನನ್ನಷ್ಟಕ್ಕೆ ಬರೆಯಬಾರದು. ಅವರು ಹೇಳಿದ್ದು ಇದು: ಮುದಾರಬಾದಲ್ಲಿ ಒಬ್ಬರು ಹಣ ಹಾಕುತ್ತಾರೆ, ಇನ್ನೊಬ್ಬರು ದುಡಿಯುತ್ತಾರೆ. ಮೊದಲೇ ಗೊತ್ತು ಮಾಡಿಕೊಳ್ಳುವುದು ಲಾಭ ಬಂದರೆ ಅದರಲ್ಲಿ ಯಾರಿಗೆ ಎಷ್ಟು ಪಾಲು ಎಂದು. ಹಾಕಿದ ಹಣದ ಮೇಲೆ ತಿಂಗಳಿಗೆ ಇಷ್ಟು ಎಂದು ಖಾತ್ರಿ ಮಾಡಿದರೆ ಅದು ಮುದಾರಬಾ ಆಗುವುದಿಲ್ಲ. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಅದು ಹಣ ಹಾಕಿದವನದು. ನನಗೆ ಆಶ್ಚರ್ಯವಾಯಿತು. ಸರ್ ಹೇಳಿದ್ದೂ ಹಜರತ್ ಹೇಳಿದ್ದೂ ಬೇರೆ ಬೇರೆ ಪದಗಳಲ್ಲಿ ಒಂದೇ ಮಾತು. ಖಾಲಾ ಇಬ್ಬರಲ್ಲಿ ಯಾರನ್ನು ಕೇಳಿದ್ದರೂ ಬಳೆ ಉಳಿಯುತ್ತಿತ್ತು.

ಆದರೆ ಮೋಸ ಮಾಡುವವರೂ ಇದನ್ನು ಓದಿಕೊಂಡಿರುತ್ತಾರೆ. ಖಾಲಾ ನಾಲ್ಕು ಲಕ್ಷ ಹಾಕಿದ ಮೇಲೆ ಒಂದು ತಿಂಗಳು 9,600 ಬಂತು, ಮುಂದಿನ ತಿಂಗಳು 10,400. ಬಡೇ ಅಬ್ಬಾ ಅದನ್ನೇ ಹಿಡಿದುಕೊಂಡು, “ನೋಡಿ, ಬಡ್ಡಿ ಆಗಿದ್ದರೆ ಒಂದೇ ಇರುತ್ತಿತ್ತು, ಇದು ನಿಜವಾದ ಮುನಾಫಾ” ಎಂದು ಎಲ್ಲರಿಗೂ ತೋರಿಸಿದರಂತೆ. ಆದ್ದರಿಂದ ಲಾಭ ಹೆಚ್ಚು ಕಡಿಮೆ ಆಗುತ್ತದೆಯೇ ಎಂದು ಕೇಳಿದರೆ ಸಾಲದು. ನಷ್ಟದ ತಿಂಗಳು ಯಾವುದು ಎಂದು ಕೇಳಬೇಕು. ಯಾಕೆ ನಷ್ಟವಾಯಿತು, ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಬೇಕು.

ಅಮೆರಿಕದಲ್ಲಿ ಬರ್ನಾರ್ಡ್ ಮೇಡಾಫ್ ಎಂಬವನನ್ನು 2008ರ ಡಿಸೆಂಬರ್‌ನಲ್ಲಿ ಬಂಧಿಸಿದರು. ಅವನೂ ತನ್ನವರಾದ ಯಹೂದಿ ಸಮುದಾಯದ ದತ್ತಿ ಸಂಸ್ಥೆಗಳ ಹಣವನ್ನೇ ಮುಳುಗಿಸಿದ್ದ. ಹ್ಯಾರಿ ಮಾರ್ಕೊಪೊಲೊಸ್ ಎಂಬ ಲೆಕ್ಕಗಾರನೊಬ್ಬ ಅದಕ್ಕೆ ಎಂಟು ವರ್ಷ ಮೊದಲೇ ಸರ್ಕಾರಕ್ಕೆ ದೂರು ಕೊಟ್ಟಿದ್ದ. ಅವನಿಗೆ ಅನುಮಾನ ಬಂದದ್ದು ಲಾಭದ ಗ್ರಾಫ್ ನೋಡಿ. ಷೇರುಪೇಟೆ ಬಿದ್ದಾಗಲೂ ಆ ಗೆರೆ ಬೀಳದೆ ಮೇಲಕ್ಕೇ ಹೋಗುತ್ತಿತ್ತು. ಯಾರೂ ಅವನ ಮಾತು ಕೇಳಲಿಲ್ಲ.

33 ತಿಂಗಳು ಯಾರೂ ಸುಳ್ಳು ಹೇಳುವುದಿಲ್ಲ

‘ನಮ್ಮ ಪಕ್ಕದ ಮನೆಯವರಿಗೆ ಪ್ರತಿ ತಿಂಗಳೂ ಬರುತ್ತಿದೆ, ಕಣ್ಣಾರೆ ನೋಡಿದ್ದೇವೆ’ ಎಂಬುದು ಎಲ್ಲರೂ ಹೇಳುವ ಮಾತು. ಅದು ಸುಳ್ಳಲ್ಲ. ಲೆಕ್ಕ ಮಾಡಿ ನೋಡೋಣ. 100 ಜನ ತಲಾ ಒಂದು ಲಕ್ಷ ಕೊಟ್ಟರು, ಒಟ್ಟು ಒಂದು ಕೋಟಿ. ಕಂಪನಿ ಯಾವ ವ್ಯಾಪಾರವನ್ನೂ ಮಾಡುವುದಿಲ್ಲ ಎಂದಿಟ್ಟುಕೊಳ್ಳಿ. ಹಣವನ್ನು ಕಪಾಟಿನಲ್ಲಿಟ್ಟು, ತಿಂಗಳಿಗೆ ಶೇ 3ರಂತೆ ಮೂರು ಲಕ್ಷ ತೆಗೆದು ಹಂಚುತ್ತದೆ. ಒಂದು ಕೋಟಿಯನ್ನು ಮೂರು ಲಕ್ಷದಿಂದ ಭಾಗಿಸಿದರೆ 33 ತಿಂಗಳು. ಅಂದರೆ ಎರಡು ಮುಕ್ಕಾಲು ವರ್ಷ ಎಲ್ಲರಿಗೂ ಸಮಯಕ್ಕೆ ಸರಿಯಾಗಿ ಅವರವರ ಹಣವೇ ‘ಲಾಭ’ ಎಂದು ವಾಪಸ್ ಬರುತ್ತದೆ. ಅಷ್ಟರಲ್ಲಿ ಈ 100 ಜನ ಮದುವೆಯಲ್ಲಿ, ಮಸೀದಿ ಹೊರಗೆ, ಬಸ್ಸಿನಲ್ಲಿ ತಮ್ಮ ಅನುಭವ ಹೇಳುತ್ತಾರೆ. ಹೇಳುವುದೆಲ್ಲ ನಿಜ. ಅದನ್ನು ಕೇಳಿ ಹೊಸಬರು ಸೇರುತ್ತಾರೆ, ಕಪಾಟು ಮತ್ತೆ ತುಂಬುತ್ತದೆ, ಇನ್ನೂ ಕೆಲವು ವರ್ಷ ನಡೆಯುತ್ತದೆ. ಕೆಲವರು ಬಂದ ಹಣವನ್ನು ತೆಗೆದುಕೊಳ್ಳುವುದೇ ಇಲ್ಲ, ಅಲ್ಲೇ ಸೇರಿಸಿ ಎನ್ನುತ್ತಾರೆ. ಕಂಪನಿಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಹಾಗೆ ಸೇರಿಸುತ್ತಾ ಹೋದರೆ ತಿಂಗಳಿಗೆ ಶೇ 3ರಂತೆ ಒಂದು ಲಕ್ಷ 24 ತಿಂಗಳಲ್ಲಿ ಎರಡು ಲಕ್ಷ ದಾಟುತ್ತದೆ. ಐದು ವರ್ಷಕ್ಕೆ ಐದು ಲಕ್ಷದ ಎಂಬತ್ತೊಂಬತ್ತು ಸಾವಿರ. ಹಾಸನದ ಯಾವ ಅಂಗಡಿ ಐದು ವರ್ಷದಲ್ಲಿ ಬಂಡವಾಳವನ್ನು ಸುಮಾರು ಆರು ಪಟ್ಟು ಮಾಡಿದೆ? ಈ ಲೆಕ್ಕವನ್ನು ನಾನು ಕ್ಯಾಲ್ಕುಲೇಟರ್‌ನಲ್ಲಿ ಖಾಲಾ ಮುಂದೆಯೇ ಮಾಡಿ ತೋರಿಸಿದೆ. ತೋರಿಸಬಾರದಿತ್ತೇನೋ.

ಹೊಸಬರ ಹಣದಿಂದ ಹಳಬರಿಗೆ ಕೊಡುವ ಈ ವಿಧಾನಕ್ಕೆ ಚಾರ್ಲ್ಸ್ ಪೊಂಜಿ ಎಂಬವನ ಹೆಸರು ಬಂದಿದೆ. 1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅಂಚೆ ಕೂಪನ್ ವ್ಯಾಪಾರ ಎಂದು ಹೇಳಿ 45 ದಿನಕ್ಕೆ ಶೇ 50 ಲಾಭ ಕೊಡುತ್ತೇನೆ ಎಂದ. ಇಟಲಿಯಿಂದ ಬಂದವನು, ಹಣ ಹಾಕಿದವರಲ್ಲಿ ಇಟಲಿಯವರೇ ಬಹಳ ಮಂದಿ. ಅಲ್ಲೂ ‘ನಮ್ಮವನು’ ಎಂಬ ಮಾತೇ ಕೆಲಸ ಮಾಡಿತು. ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಹಣ ಇಟ್ಟವರಲ್ಲೂ ನಿವೃತ್ತರು, ಒಬ್ಬರ ಮಾತು ಕೇಳಿ ಇನ್ನೊಬ್ಬರು ಬಂದವರು ತುಂಬಾ ಜನ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಅವರು ಬ್ಯಾಂಕಿನ ಮುಂದೆ ನಿಂತಿದ್ದರು. ಅದು ಅನುಮತಿ ಇದ್ದ ಬ್ಯಾಂಕ್, ಅದರ ಕಥೆಯೇ ಬೇರೆ. ಆದರೆ ಇದನ್ನು ಬರೆದದ್ದು ಯಾಕೆಂದರೆ, ನಮ್ಮ ಜಮಾತಿನವರೇ ಹೀಗೆ ಮೋಸ ಹೋಗುವುದು ಎಂದು ಕ್ಲಾಸಿನಲ್ಲಿ ಯಾರೋ ಅಂದರು.

ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ಜನ ಹೇಗೆ ಒಪ್ಪಿಕೊಳ್ಳುತ್ತಾರೆ ಎಂದು 1984ರಲ್ಲಿ ಬರೆದ ಪುಸ್ತಕದಲ್ಲಿ ಆರು ಕಾರಣ ಕೊಟ್ಟಿದ್ದಾರೆ. ಎಲ್ಲರೂ ಮಾಡುತ್ತಿದ್ದಾರೆ, ದೊಡ್ಡವರು ಹೇಳಿದ್ದಾರೆ, ಈಗ ಬಿಟ್ಟರೆ ಸಿಗುವುದಿಲ್ಲ, ಇಂಥವು. ಬಹಳ ವರ್ಷಗಳ ನಂತರ ಅವರೇ ಏಳನೆಯದೊಂದನ್ನು ಸೇರಿಸಿದರು: ಇವನು ನಮ್ಮವನು ಎಂಬ ಭಾವನೆ. ಖಾಲಾ ಹೇಳಿದ ಕಥೆಯಲ್ಲಿ ಅದೇ ಮೊದಲನೆಯದು.

ಕೇಳುವುದು ಯಾಕೆ ಕಷ್ಟ

ಅಬ್ಬಾಗೆ ಆಗಲೇ ಅನುಮಾನ ಬಂದಿತ್ತಂತೆ. ಇದು ನನಗೆ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. “ಚಿನ್ನದ ವ್ಯಾಪಾರದಲ್ಲಿ ಅಷ್ಟು ಉಳಿಯಲ್ಲ ಅಂತ ನನಗೆ ಅನ್ನಿಸಿತ್ತು” ಎಂದರು. ಹಾಗಾದರೆ ಯಾಕೆ ಹೇಳಲಿಲ್ಲ? “ಅವರು ವಯಸ್ಸಿನಲ್ಲಿ ದೊಡ್ಡವರು, ನಿನ್ನ ಖಾಲಾಗೆ ಜೇಠ್. ಲೆಕ್ಕ ಕೇಳಿದರೆ ಕಳ್ಳ ಅಂದಹಾಗೆ ಆಗುತ್ತಿತ್ತು.” ಮೋಸದ ಕಂಪನಿಗಳು ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ಲೆಕ್ಕ ಕೇಳಲಾಗದಂಥ ಒಬ್ಬರನ್ನು ಮುಂದೆ ಕಳಿಸುತ್ತವೆ. ಆ ಒಬ್ಬರಿಗೂ ಗೊತ್ತಿರುವುದಿಲ್ಲ. ಬಡೇ ಅಬ್ಬಾ ಅವರ ಎರಡು ಲಕ್ಷವೂ ಹೋಯಿತು. ಅವರಿಗೆ ಕಮಿಷನ್ ಎಂದು ಬಂದದ್ದನ್ನೂ ಅವರು ಖಾಲಾಗೆ ತಂದು ಕೊಟ್ಟರಂತೆ. ಆಮೇಲೆ ಹೊಳೆನರಸೀಪುರಕ್ಕೆ ಬರುವುದು ಬಿಟ್ಟರು. ಆಪಾ ಮದುವೆಗೂ ಬರಲಿಲ್ಲ.

ಇದಕ್ಕೆ ಪರಿಹಾರ ದೊಡ್ಡವರ ಮೇಲೆ ಅನುಮಾನ ಪಡುವುದು ಎಂದು ನಾನು ಹೇಳಲಾರೆ, ಮನೆಯಲ್ಲಿ ಇರಲು ಬಿಡುವುದಿಲ್ಲ. ಕೇಳುವುದನ್ನು ಪದ್ಧತಿ ಮಾಡಿಕೊಳ್ಳಬಹುದು. ಯಾರೇ ಹೇಳಲಿ, ಮಾಮೂಲಾಗಿ ಎಲ್ಲರಿಗೂ ಕೇಳುವ ಪ್ರಶ್ನೆ ಎಂದಾಗ ಅವಮಾನ ಆಗುವುದಿಲ್ಲ. ಕುರಾನಿನ ಅತಿ ಉದ್ದದ ಆಯತ್ ಸೂರಾ ಬಕರಾದಲ್ಲಿದೆ, 282ನೆಯದು. ಅದು ಸಾಲದ ವಹಿವಾಟನ್ನು ಬರೆದಿಡಬೇಕು, ಸಾಕ್ಷಿ ಇರಬೇಕು ಎಂಬುದರ ಬಗ್ಗೆ. ಹಜರತ್ ಇದನ್ನು ನೆನಪಿಸಿ, “ಬರೆದು ಕೊಡಿ ಎಂದು ಕೇಳುವುದು ಬೇಅದಬಿ ಅಲ್ಲ” ಎಂದರು. ಮನೆಯಲ್ಲಿ ಹೇಳಲು ಇದು ನನಗೆ ಬಹಳ ಉಪಯೋಗಕ್ಕೆ ಬಂತು.

ಕಾಗದದ ವಿಷಯ. ಕಂಪನಿ ನೋಂದಣಿ ಪತ್ರ, ಪ್ಯಾನ್, ಜಿಎಸ್‌ಟಿ ಇವನ್ನು ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿರುತ್ತಾರೆ. ಅವು ನಕಲಿ ಆಗಿರಬೇಕೆಂದಿಲ್ಲ. ಆದರೆ ನೋಂದಣಿ ಪತ್ರ ಎಂದರೆ ಜನನ ಪ್ರಮಾಣಪತ್ರದ ಹಾಗೆ, ಅದು ಇದ್ದ ಮಾತ್ರಕ್ಕೆ ಬಸ್ ಓಡಿಸುವ ಲೈಸೆನ್ಸ್ ಇದ್ದಂತೆ ಅಲ್ಲ. ಜನರಿಂದ ಠೇವಣಿ ಪಡೆಯಲು ಪ್ರತ್ಯೇಕ ಅನುಮತಿ ಬೇಕು. ಯಾರ ಅನುಮತಿ ಎಂದು ಕೇಳಿ: ರಿಸರ್ವ್ ಬ್ಯಾಂಕಿನದೇ, ಸೆಬಿಯದೇ, ಚೀಟಿಯಾದರೆ ಚೀಟಿ ನಿಧಿಗಳ ರಿಜಿಸ್ಟ್ರಾರರದೇ? ರಿಸರ್ವ್ ಬ್ಯಾಂಕ್ 2016ರಲ್ಲಿ ‘ಸಚೇತ್’ ಎಂಬ ವೆಬ್‌ಸೈಟ್ ಶುರು ಮಾಡಿದೆ. ಕಂಪನಿಗೆ ಠೇವಣಿ ಪಡೆಯುವ ಅನುಮತಿ ಇದೆಯೇ ಎಂದು ಅಲ್ಲಿ ನೋಡಬಹುದು, ದೂರನ್ನೂ ಕೊಡಬಹುದು. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಠೇವಣಿ ಸಂಗ್ರಹಿಸುವುದೇ ಅಪರಾಧ, ಹಣ ಮುಳುಗುವವರೆಗೆ ಕಾಯಬೇಕಾಗಿಲ್ಲ. ಮುಳುಗಿದ ಮೇಲೆ ನಮ್ಮ ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಯ 2004ರ ಕಾಯ್ದೆ ಇದೆ. ಐಎಂಎ ಪ್ರಕರಣದಲ್ಲಿ ಆಸ್ತಿ ಮುಟ್ಟುಗೋಲು ಹಾಕಿ, ಹಣ ಮರಳಿಸಲು ಸಕ್ಷಮ ಪ್ರಾಧಿಕಾರ ನೇಮಿಸಿದ್ದು ಅದರ ಅಡಿಯಲ್ಲೇ. ಅದಕ್ಕೆ ಅರ್ಜಿ ಹಾಕುವಾಗ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕಾಗುತ್ತದೆ. ಖಾಲಾ ನಗದು ಕೊಟ್ಟಿದ್ದರು. ಪೊಲೀಸರಿಗೆ ದೂರನ್ನೂ ಕೊಡಲಿಲ್ಲ, ಕೊಟ್ಟರೆ ಮೊದಲು ಬರುವ ಹೆಸರು ಬಡೇ ಅಬ್ಬಾ ಅವರದು.

ನಮ್ಮ ವಯಸ್ಸಿನವರ ಹತ್ತಿರ ಲಕ್ಷಗಳಿಲ್ಲ, ಆದ್ದರಿಂದ ನಮ್ಮ ಹತ್ತಿರ ಯಾರೂ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಹತ್ತಿರ ಇರುವುದು ಬ್ಯಾಂಕ್ ಖಾತೆ. ವಿದ್ಯಾರ್ಥಿವೇತನಕ್ಕೆಂದು ಎಲ್ಲರೂ ತೆರೆದಿದ್ದೇವೆ. ‘ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ಅದನ್ನು ಇನ್ನೊಂದು ಕಡೆ ಹಾಕು, ಎರಡು ಸಾವಿರ ನೀನು ಇಟ್ಟುಕೋ’ ಅಥವಾ ‘ಎಟಿಎಂ ಕಾರ್ಡು, ಸಿಮ್ ಒಂದು ತಿಂಗಳು ಬಾಡಿಗೆಗೆ ಕೊಡು’ ಎಂದು ಕೇಳುತ್ತಾರೆ. ಕೇಳುವವನು ಅಪರಿಚಿತ ಅಲ್ಲ, ಸೀನಿಯರ್ ಅಥವಾ ಗೆಳೆಯನ ಗೆಳೆಯ. ಆ ಹಣ ಎಲ್ಲೋ ಯಾರನ್ನೋ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಕಿತ್ತುಕೊಂಡದ್ದು ಇರಬಹುದು. (ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರು ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ.) ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಮೊದಲು ಸಿಗುವ ಹೆಸರು ಖಾತೆದಾರನದು. ಖಾತೆ ಸ್ಥಗಿತವಾಗುತ್ತದೆ, ವಿದ್ಯಾರ್ಥಿವೇತನವೂ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬಡೇ ಅಬ್ಬಾ ತಿಳಿಯದೆ ಮಾಡಿದ ಕೆಲಸವನ್ನೇ ಇಲ್ಲಿ ನಾವು ಎರಡು ಸಾವಿರಕ್ಕೆ ಮಾಡುತ್ತೇವೆ.

ಆನ್‌ಲೈನ್‌ನಲ್ಲಿ ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಬೇಗ ಹೇಳಿದರೆ ದಾರಿಯಲ್ಲೇ ತಡೆಯುವ ಅವಕಾಶವಿದೆ. ಅಬ್ಬಾ ಬೈಯುತ್ತಾರೆ ಎಂದು ರಾತ್ರಿಯೆಲ್ಲ ಸುಮ್ಮನಿದ್ದರೆ ಬೆಳಗ್ಗೆ ತಡೆಯಲು ಏನೂ ಉಳಿದಿರುವುದಿಲ್ಲ. ಫೋನ್ ಮಾಡಿದ ಮೇಲೆ ಸೈಬರ್‌ಕ್ರೈಮ್ ವೆಬ್‌ಸೈಟಿನಲ್ಲಿ ದೂರು ಹಾಕಿ, ಹಾಸನದ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು.

ಈ ಲೇಖನ ಬರೆದು ಮುಗಿಸುವ ಮೊದಲು ಖಾಲಾಗೆ ಓದಿ ಹೇಳಿದೆ. ಕನ್ನಡ ಅವರಿಗೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಬಡೇ ಅಬ್ಬಾ ವಿಷಯ ಬಂದಾಗ ತೆಗೆದುಹಾಕು ಎನ್ನುತ್ತಾರೇನೋ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರೂ ಕಳೆದುಕೊಂಡರು ಅಂತ ಬರೆದಿದ್ದೀಯಲ್ಲ, ಇರಲಿ” ಎಂದರು. ಈ ಬಕ್ರೀದ್‌ಗೆ ಅರಕಲಗೂಡಿಗೆ ಹೋಗಬೇಕು ಎಂದು ಖಾಲೂ ಹತ್ತಿರ ಹೇಳಿದ್ದಾರಂತೆ.

ಕೊನೆಗೊಂದು ವಿಷಯ. ನಿಮ್ಮ ಮನೆಗೆ ಯಾವುದಾದರೂ ಹೂಡಿಕೆಯ ಕಾಗದ, ಚೀಟಿಯ ಪುಸ್ತಕ, ಆ್ಯಪ್‌ನ ಲಿಂಕ್ ಬಂದಿದ್ದರೆ ಅದರ ಫೋಟೊ ತೆಗೆದುಕೊಂಡು ಬನ್ನಿ. ಪ್ರತಿ ಶನಿವಾರ ಎರಡನೇ ಪಿಯುಸಿ ವಾಣಿಜ್ಯ ತರಗತಿಯಲ್ಲಿ ನಾವು ನಾಲ್ಕು ಜನ ಸರ್ ಜೊತೆ ಕೂತಿರುತ್ತೇವೆ. ಸಚೇತ್‌ನಲ್ಲಿ ಹುಡುಕಿ, ಕಾಗದ ಓದಿ, ಗೊತ್ತಾದಷ್ಟು ಹೇಳುತ್ತೇವೆ. ಯಾರು ತಂದರು ಎಂದು ಯಾರಿಗೂ ಹೇಳುವುದಿಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಬರುವವರಿಗೆ ಬಸ್ ತಪ್ಪಬಾರದೆಂದು ತರಗತಿ ಮುಗಿದ ಮೇಲೆ ಇಟ್ಟಿಲ್ಲ, ಮಧ್ಯದ ಬಿಡುವಿನಲ್ಲೇ ಇಟ್ಟಿದ್ದೇವೆ.